ಹದ್ದು ಕಾದ ಸರಸಕ್ಕ

ಮಂಡಿಗೆ ಆಪರೇಷನ್ ಆಗಿ ಮನೆಗೆ ಬಂದ ನಾಲ್ಕನೆಯ ದಿನಕ್ಕೇ ಸರಸಕ್ಕನಿಗೆ ಕೂತು ಕೂತು ಸಾಕಾಗಿಹೋಯಿತು. ನಲವತ್ತು ವರ್ಷ ತಲೆಯ ಮೇಲೆ ಮೀನಿನ ಹೆಡಗೆ ಹೊತ್ತು ಹಂಗಾರಕಟ್ಟೆಯಿಂದ ಪಾಂಡೇಶ್ವರ, ಅಲ್ಲಿಂದ ಐರೋಡಿ ಎಂದು ಮನೆ ಮನೆ ತಿರುಗಿದ ಹೆಂಗಸು. ಒಂದು ಕಡೆ ಕೂತು ರೂಢಿಯೇ ಇಲ್ಲ. ಡಾಕ್ಟರು ಆರು ವಾರ ಹೊಸ್ತಿಲು ದಾಟಕೂಡದು ಎಂದಿದ್ದರು. ಮಗ ಐಸ್ ಲಾರಿ ತೆಗೆದುಕೊಂಡು ಬೆಳಗಾಗುವ ಮೊದಲೇ ಮಲ್ಪೆಗೆ ಹೋಗುತ್ತಿದ್ದ, ಸೊಸೆ ಶ್ರೀಲತಾ ಅಂಗನವಾಡಿಗೆ. ಮನೆಯಲ್ಲಿ ಉಳಿಯುತ್ತಿದ್ದವರು ಗಂಡ ಚಂದಯ್ಯ, ಮತ್ತು ಪರೀಕ್ಷೆಗೆ ಓದಲೆಂದು ರಜೆಯಲ್ಲಿದ್ದ ಮೊಮ್ಮಗಳು ಅನಿಷಾ. ಚಂದಯ್ಯ ದೋಣಿಯ ತಾಂಡೇಲನಾಗಿ ಮೂವತ್ತು ವರ್ಷ ಕಡಲಲ್ಲಿ ಹತ್ತಾರು ಜನರಿಗೆ ಹುಕುಂ ಕೊಟ್ಟವನು. ಈಗ ಅವನಿಗೆ ಇದ್ದ ಒಂದೇ ಕೆಲಸವೆಂದರೆ ಹೆಂಡತಿಯ ಮಾತ್ರೆಯ ಹೊತ್ತು ನೋಡುವುದು.

ಅಜ್ಜಿಯ ಗೊಣಗಾಟ ಕೇಳಲಾರದೆ ಅನಿಷಾ ಒಂದು ಮಧ್ಯಾಹ್ನ ತನ್ನ ಮೊಬೈಲನ್ನೇ ಅವಳ ಕೈಗೆ ಕೊಟ್ಟಳು. ಪರದೆಯ ಮೇಲೆ ಬಣ್ಣಬಣ್ಣದ ಮಿಠಾಯಿಗಳು ಸಾಲಾಗಿ ನಿಂತಿದ್ದವು.

"ಅಜ್ಜೀ, ಇದ್ರಗೆ ಆಡ್ ಕಾಣ್. ಹೊತ್ತ್ ಹೋಪ್ದೇ ಗೊತ್ತಾತ್ತಿಲ್ಲೆ."

ಸರಸಕ್ಕ ಬೆರಳಿನಿಂದ ಎರಡು ಸಲ ಅತ್ತಿತ್ತ ಉಜ್ಜಿದಳು. ಮಿಠಾಯಿ ಸಿಡಿದವು. ಮೂರನೆಯ ಸಲಕ್ಕೆ ಮೊಬೈಲನ್ನು ಮಗುಚಿ ಹಿಂಬದಿ ನೋಡಿದಳು, ಬದಿಗಳನ್ನು ಸವರಿ ನೋಡಿದಳು, ಆಮೇಲೆ ವಾಪಸು ಕೊಟ್ಟಳು.

"ಇದೆಂತ ಆಟ ಮಾರಾಯ್ತಿ, ಗಾಜ್ ಒರ್ಸುದ್. ಇದ್ಕ್ ಗುಂಡಿಯೇ ಇಲ್ಲೆ."

"ಗುಂಡಿ ಎಂತಕ್ಕೆ?"

"ಒತ್ತುಕೆ. ಗುಂಡಿ ಇಲ್ದೆ ಟ್ಯಾಂಕ್ ಹೊಡುದ್ ಹ್ಯಾಂಗೆ?"

ಅನಿಷಾ ಅಜ್ಜಿಯ ಮುಖವನ್ನೇ ನೋಡಿದಳು. ಆಪರೇಷನ್ನಿನ ಮದ್ದು ತಲೆಗೇರಿತೋ ಎಂದು ಅವಳಿಗೆ ಅನುಮಾನ. "ಟ್ಯಾಂಕಾ? ನೀನ್ ಟ್ಯಾಂಕ್ ಎಲ್ಲ್ ಕಂಡದ್ದ್?"

ಉತ್ತರ ಬಂದದ್ದು ಜಗಲಿಯಲ್ಲಿ ಪೇಪರು ಓದುತ್ತಿದ್ದ ಚಂದಯ್ಯನಿಂದ. "ಹೆಗ್ಡೇರ್ ಮನಿ ಕಿಟ್ಕಿಯಗೆ ಕಂಡದ್ದ್. ನಿನ್ನಜ್ಜಿ ಒಂದ್ ಮಳ್ಗಾಲ ಮೀನ್ ಮಾರುದ್ ಬಿಟ್ಟ್ ಯುದ್ಧಕ್ಕೆ ಹೋತಿದ್ಲ್. ಕೇಣ್ ಅವ್ಳ ಹತ್ರ."

ಮಗನಿಗಾಗಲೀ ಸೊಸೆಗಾಗಲೀ ಆ ಕಥೆಯನ್ನು ಸರಸಕ್ಕ ಯಾವತ್ತೂ ಸರಿಯಾಗಿ ಹೇಳಿರಲಿಲ್ಲ. ಹೆಂಗಸು, ಅದೂ ಮೀನು ಮಾರುವವಳು, ಮಕ್ಕಳಾಟಕ್ಕೆ ಮರುಳಾಗಿದ್ದೆ ಎಂದರೆ ಕೇಳಿದವರು ನಗುತ್ತಾರೆ ಎಂಬ ಸಣ್ಣ ಸಂಕೋಚ. ಆದರೆ ಮೊಮ್ಮಗಳು ಮಂಚದ ಮೇಲೆ ಕಾಲು ಮಡಚಿ ಕೂತ ರೀತಿ ನೋಡಿ ಅವಳಿಗೂ ಹುಮ್ಮಸ್ಸು ಬಂತು.

ಅದು ಸಾವಿರದ ಒಂಬೈನೂರ ತೊಂಬತ್ತೇಳರ ಬೇಸಿಗೆ. ಪಾಂಡೇಶ್ವರದ ಹೆಗ್ಡೆಯವರ ಮನೆ ಸರಸಕ್ಕನ ಖಾಯಂ ಮನೆಗಳಲ್ಲಿ ಒಂದು. ಯಜಮಾನರು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಊರಿನಲ್ಲಿ ಇದ್ದವರು ಅವರ ತಾಯಿ ಗಿರಿಜಮ್ಮ ಮತ್ತು ಹನ್ನೊಂದು ವರ್ಷದ ಮಗ ಮನೀಷ್. ಆ ವರ್ಷ ರಜೆ ಸುರುವಾದ ವಾರವೇ ಹುಡುಗ ಗೇರುಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಸೊಂಟದಿಂದ ಪಾದದವರೆಗೆ ಪ್ಲಾಸ್ಟರು. ಅಪ್ಪ ಮರುಕಪಟ್ಟು ಮುಂಬಯಿಯಿಂದ ಒಂದು ವೀಡಿಯೋ ಗೇಮ್ ಕಳಿಸಿಕೊಟ್ಟರು. ಕೆಂಪು ಬಿಳಿ ಬಣ್ಣದ ಪೆಟ್ಟಿಗೆ, ಅದರ ನೆತ್ತಿಯಲ್ಲಿ ಸಿಕ್ಕಿಸುವ ಹಳದಿ ಕ್ಯಾಸೆಟ್ಟು, ಎರಡು ವಯರು, ಒಂದೊಂದು ವಯರಿನ ತುದಿಗೂ ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಹಿಡಿಕೆ. ಮೊದಲ ಹದಿನೈದು ದಿನ ಊರಿನ ಮಕ್ಕಳೆಲ್ಲ ಬಂದು ಚಾವಡಿ ತುಂಬಿದರು. ಆಮೇಲೆ ಅವರಿಗೆ ಕ್ರಿಕೆಟ್ಟು ನೆನಪಾಯಿತು. ಹುಡುಗ ಒಬ್ಬನೇ ಉಳಿದ. ಇಬ್ಬರು ಸೇರಿ ಆಡುವ ಆಟದಲ್ಲಿ ಒಂದು ಹಿಡಿಕೆ ಸುಮ್ಮನೆ ಬಿದ್ದಿರುತ್ತಿತ್ತು.

ಒಂದು ದಿನ ಸರಸಕ್ಕ ಹೆಡಗೆ ಇಳಿಸಿ, ಗಿರಿಜಮ್ಮನಿಗೆ ಬಂಗಡೆ ಎಣಿಸಿ ಕೊಟ್ಟು, ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿಯುತ್ತಿದ್ದಾಗ ಒಳಗಿನಿಂದ ಕರೆ ಬಂತು.

"ಸರಸಕ್ಕಾ, ಒಂದ್ ಸಲ ಇದ್ ಹಿಡ್ಕಣಿ. ಇಬ್ರ್ ಬೇಕ್ ಇದ್ಕೆ."

"ನಂಗೆಂತ ಗೊತ್ತಿತ್ತ್ ಮಗಾ?"

"ಎಂತ ಇಲ್ಲೆ. ಕೆಳ್ಗೆ ಒಂದ್ ಹಕ್ಕಿ ಇತ್ತಲೆ, ಅದ್ಕೆ ಯಾರೂ ಗುಂಡ್ ಹೊಡಿದಂಗೆ ಕಾಯ್ಕ್. ಅಷ್ಟೇ."

"ಯಾವ್ ಹಕ್ಕಿ ಅದ್?"

"ಹದ್ದ್."

ಸರಸಕ್ಕ ಕುಡಿಯುತ್ತಿದ್ದ ನೀರು ನೆತ್ತಿಗೇರುವಷ್ಟು ನಕ್ಕಳು. "ನನ್ನ ಜನ್ಮ ಇಡೀ ಹೆಡ್ಗಿ ಮೀನನ್ನ ಹದ್ದಿಂದ ಕಾದದ್ದ್ ಆಯ್ತ್. ಈಗ ಹದ್ದನ್ನೇ ಕಾಯ್ಕಾ?"

ಆದರೂ ಎದ್ದಳು. ಅಡ್ಡ ಬಂದವರು ಗಿರಿಜಮ್ಮ. ಮೀನೆಂದರೆ ಅವರಿಗೂ ಪ್ರಾಣವೇ. ಆದರೆ ಮೀನಿನ ನೀರು ಸೋರುವ ಸೀರೆಯಲ್ಲಿ ಯಾರೂ ಚಾವಡಿಗೆ ಬರಕೂಡದು, ಮುಂಬಯಿಯಿಂದ ಬಂದ ಟಿವಿಗೆ ವಾಸನೆ ಹಿಡಿಯುತ್ತದೆ ಎಂಬುದು ಅವರ ಹಟ. ಹುಡುಗ ಅತ್ತ. ಕೊನೆಗೆ ಗಿರಿಜಮ್ಮನೇ ಉಪಾಯ ಹೇಳಿದರು. ಟಿವಿಯನ್ನು ಕಿಟಕಿಯ ಕಡೆ ತಿರುಗಿಸಿ, ಕೆಂಪು ಪೆಟ್ಟಿಗೆಯನ್ನು ಕಿಟಕಿಯ ದಂಡೆಯ ಮೇಲಿಟ್ಟು, ಒಂದು ಹಿಡಿಕೆಯನ್ನು ಸರಳುಗಳ ನಡುವಿನಿಂದ ಹೊರಗೆ ಬಿಟ್ಟರು. ಸರಸಕ್ಕ ಹುಣಸೆಹುಳಿ ಹಾಕಿ ಕೈ ತಿಕ್ಕಿ ತೊಳೆದು, ಕಿಟಕಿಯ ಹೊರಗೆ ಮಾಡಿನ ಕೆಳಗೆ ನಿಂತು ಅದನ್ನು ಹಿಡಿದಳು. ಎಷ್ಟು ತೊಳೆದರೂ ವಾಸನೆ ಪೂರ್ತಿ ಹೋಗಲಿಲ್ಲ ಎನ್ನಬೇಕು. ಆ ಮನೆಯ ಬೆಕ್ಕು ಒಂದು ವಾರದೊಳಗೆ ಆ ಹಿಡಿಕೆಯನ್ನು ನೆಕ್ಕುವುದು ಕಲಿತಿತ್ತು.

ಮೊದಲ ದಿನ ಅವಳು ಹೊಡೆದದ್ದೆಲ್ಲ ಹುಡುಗನ ಟ್ಯಾಂಕಿಗೇ. ಹೊಡೆತ ಬಿದ್ದಾಗ ಅವನ ಹಳದಿ ಟ್ಯಾಂಕು ಗರ ಬಡಿದಂತೆ ನಿಂತುಬಿಡುತ್ತಿತ್ತು, ಅವನು ಹಾಸಿಗೆಯಲ್ಲೇ ಒದ್ದಾಡುತ್ತಿದ್ದ. ಎರಡನೆಯ ದಿನ ಹಸಿರು ಟ್ಯಾಂಕು ತನ್ನದು ಎಂಬುದು ಖಚಿತವಾಯಿತು. ನಾಲ್ಕನೆಯ ದಿನಕ್ಕೆ ಪರದೆಯ ಮೇಲಿನ ಸೀಮೆಯೆಲ್ಲ ಅವಳಿಗೆ ಪರಿಚಯದ ಊರಾಯಿತು. ಹಸಿರು ಹರಡಿದ ಜಾಗ ಮರ ದಟ್ಟವಾದ ಹಾಡಿ, ಅಲ್ಲಿ ಹೊಕ್ಕ ಟ್ಯಾಂಕು ಕಾಣಿಸುವುದಿಲ್ಲ. ನೀಲಿ ಹೊಳೆ, ಅದನ್ನು ದಾಟಲಾಗುವುದಿಲ್ಲ, ಆದರೆ ಗುಂಡು ದಾಟುತ್ತದೆ. ಬಿಳಿ ನೆಲ ಪಾಚಿ ಕಟ್ಟಿದ ಅಂಗಳದ ಹಾಗೆ, ಕಾಲಿಟ್ಟರೆ ಜಾರುತ್ತದೆ. ಮಿನುಗುವ ಕೆಂಪು ಟ್ಯಾಂಕನ್ನು ಹೊಡೆದರೆ ಬಹುಮಾನ ಬೀಳುತ್ತದೆ. ಅಕ್ಷರ ಓದಲು ಬಾರದ ಸರಸಕ್ಕ ಆ ಬಹುಮಾನಗಳ ಚಿತ್ರವನ್ನು ಹುಡುಗನಿಗಿಂತ ಬೇಗ ಗುರುತಿಸುತ್ತಿದ್ದಳು.

ದಿನಕ್ಕೊಂದು ಆಟ ಎಂದು ಸುರುವಾದದ್ದು ದಿನಕ್ಕೊಂದು ಗಂಟೆಯಾಯಿತು. ಐರೋಡಿಯ ಮನೆಗಳಲ್ಲಿ ಮೀನಿಗೆ ಕಾದು ಕಾದು ಮಸಾಲೆ ಅರೆದಿಟ್ಟವರು ಸೊಪ್ಪಿನ ಸಾರು ಮಾಡಿ ಉಂಡರು. ಹೆಡಗೆಯಲ್ಲಿ ಬೈಗೆ, ಎಂದರೆ ಭೂತಾಯಿ ಮೀನು, ಬಿಸಿಲಿಗೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿತ್ತು. ಮಳೆ ಬಂದು ದೋಣಿಗಳು ದಡ ಹತ್ತಿದ ಮೇಲೆ ಸರಸಕ್ಕ ಒಣಮೀನು ಹೊತ್ತು ಹೊರಟಳು. ಒಣಮೀನು ಎಷ್ಟು ಹೊತ್ತಾದರೂ ಕೆಡುವುದಿಲ್ಲ. ಅದು ಇನ್ನೂ ಅನುಕೂಲವಾಯಿತು.

ಊರು ಸುಮ್ಮನಿರಬೇಕಲ್ಲ. ಅವಳ ಜೊತೆಗೆ ಮೀನು ಮಾರುತ್ತಿದ್ದ ವನಜ ಒಂದು ದಿನ ಚಂದಯ್ಯನನ್ನು ಬಲೆ ನೇಯುತ್ತಿದ್ದಲ್ಲೇ ಹಿಡಿದಳು.

"ಚಂದಯ್ಯಣ್ಣ, ಹೇಳ್ಕೋ ಬ್ಯಾಡ್ದೋ ಗೊತ್ತಿಲ್ಲೆ. ಸರಸ ದಿನಾ ಹೆಗ್ಡೇರ್ ಮನಿ ಕಿಟ್ಕಿ ಹತ್ರ ನಿತ್ಕಂಡ್ ಒಬ್ಳೇ ಮಾತಾಡ್ತ್ಲ್ ಅಂಬ್ರ್. ಬೈತ್ಲ್ ಅಂಬ್ರ್. ಮೈ ಎಲ್ಲ ಆಡ್ಸ್ತ್ಲ್ ಅಂಬ್ರ್."

ಚಂದಯ್ಯ ಬಲೆ ಕೆಳಗಿಟ್ಟ. ಕೆಲವು ದಿನಗಳಿಂದ ಹೆಂಡತಿ ಊಟದ ನಡುವೆ ಹೆಬ್ಬೆರಳು ಆಡಿಸುವುದನ್ನು ಅವನೂ ನೋಡಿದ್ದ. ಯಾವುದೋ ಗಾಳಿ ಸೋಕಿದೆ, ನೋಡಿಸಬೇಕು ಎಂದುಕೊಂಡ. ಆದರೆ ತಾಂಡೇಲ ಮನುಷ್ಯ, ನೀರಿನ ಬಣ್ಣ ತಾನೇ ನೋಡದೆ ಬಲೆ ಬಿಡುವವನಲ್ಲ. ಮರುದಿನ ಕೊಡೆ ಹಿಡಿದು ದೂರದಿಂದ ಅವಳ ಹಿಂದೆಯೇ ನಡೆದ.

ಹೆಗ್ಡೆಯವರ ಮನೆಯ ಹಲಸಿನ ಮರದ ಮರೆಯಲ್ಲಿ ನಿಂತು ನೋಡಿದರೆ ವನಜ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಮಾಡಿನ ನೀರು ಬೆನ್ನಿಗೆ ಎರಚುತ್ತಿದ್ದರೂ ಸರಸ ಕಿಟಕಿಗೆ ಮುಖ ಮಾಡಿ ನಿಂತಿದ್ದಳು. ಒಮ್ಮೆ ಎಡಕ್ಕೆ ವಾಲುತ್ತಿದ್ದಳು, ಒಮ್ಮೆ ಬಲಕ್ಕೆ. "ಬಂದ್ಯಾ? ಬಾ, ನಿಂಗೂ ಒಂದ್ ಇತ್ತ್," ಎಂದು ಯಾರಿಗೋ ಹೇಳುತ್ತಿದ್ದಳು. ಚಂದಯ್ಯ ಮನಸ್ಸಿನಲ್ಲೇ ದೇವರನ್ನು ನೆನೆದುಕೊಂಡು ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹತ್ತಿರ ಬಂದ. ಅವಳ ಭುಜದ ಮೇಲಿನಿಂದ ಒಳಗೆ ಇಣುಕಿದ. ಟಿವಿಯಲ್ಲಿ ನಾಲ್ಕು ಬಿಳಿ ಟ್ಯಾಂಕುಗಳು ಕೆಳಗಿಳಿಯುತ್ತಿದ್ದವು. ಅವು ಎತ್ತ ಹೋಗುತ್ತವೆ, ಇವರು ಎತ್ತ ಹೋಗುತ್ತಾರೆ ಎಂದು ನೋಡಿದ. ಬೈಯಬೇಕೆಂದು ತೆರೆದ ಬಾಯಿಂದ ಬೇರೆಯೇ ಮಾತು ಹೊರಟಿತು.

"ಎಡ್ದ್ ಬದಿ. ಎಡ್ದ್ ಬದಿಂದ ಬಂತ್ ಕಾಣ್."

"ಕಂಡೆ ಕಂಡೆ, ನೀವ್ ಸುಮ್ನಿರಿ," ಎಂದಳು ಸರಸ, ತಿರುಗದೆ. ಮರುಕ್ಷಣ ಆ ದನಿ ಯಾರದೆಂದು ಹೊಳೆಯಿತು. ತಿರುಗಿ ನೋಡಿದಳು. ಅಷ್ಟರಲ್ಲಿ ಎಡಗಡೆಯಿಂದ ಬಂದ ಟ್ಯಾಂಕು ಹದ್ದನ್ನು ಹೊಡೆದು ಹಾಕಿತ್ತು. ಒಳಗಿನಿಂದ ಹುಡುಗನ ನರಳಾಟ ಕೇಳಿಸಿತು.

ಸರಸ ಹಿಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ನೋಡಿದಳು, ವಯರು ಬಿಡಲಿಲ್ಲ. ಚಂದಯ್ಯ ಕೊಡೆ ಮಡಚಿ ಗೋಡೆಗೆ ಒರಗಿಸಿದ.

"ಇಬ್ರೂ ಮೇಲ್ ಹೋದ್ರೆ ಅಳ್ವಿ ಬಾಗ್ಲಗೆ ಯಾರ್ ನಿಲ್ಲುದ್?" ಎಂದ. "ಒಂದ್ ದೋಣಿ ಅಳ್ವಿಯಗೇ ಇರ್ಕ್. ಇನ್ನೊಂದ್ ಹೊರ್ಗ್ ಹೋಯಿ ಅಟ್ಟಿ ತರ್ಕ್. ಇಷ್ಟ್ ಗೊತ್ತಿಲ್ಯಾ ನಿಮ್ಗೆ?"

ಆ ದಿನದಿಂದ ಆಟದ ನಡೆಯೇ ಬದಲಾಯಿತು. ಹುಡುಗ ಹೊರಗೆ ಹೋಗುವ ದೋಣಿ, ಸರಸ ಹೊಳೆ ಕಡಲು ಸೇರುವ ಅಳಿವೆಯಲ್ಲೇ ನಿಂತು ಹದ್ದು ಕಾಯುವ ದೋಣಿ, ಚಂದಯ್ಯ ಕಿಟಕಿಯ ಹೊರಗೆ ನಿಂತು ಹುಕುಂ ಕೊಡುವ ತಾಂಡೇಲ. ಹತ್ತನೆಯ ಸುತ್ತು ದಾಟದವರು ಇಪ್ಪತ್ತು ದಾಟಿದರು. ಗಿರಿಜಮ್ಮ ಬಯ್ಯುತ್ತಲೇ ಮೂವರಿಗೂ ಚಾ ತಂದಿಟ್ಟು, ತಾವೂ ಒಂದು ಮಣೆ ಎಳೆದುಕೊಂಡು ಕೂತರು. ಜುಲೈ ನಡುವಿನ ಒಂದು ದಿನ ಮೂವತ್ತೈದನೆಯ ಸುತ್ತು ಮುಗಿಯಿತು. ಇನ್ನೇನು ಬರುತ್ತದೋ ಎಂದು ನಾಲ್ಕು ಜನ ಉಸಿರು ಹಿಡಿದು ನೋಡುತ್ತಿದ್ದರೆ ಪರದೆಯ ಮೇಲೆ ಮತ್ತೆ ಒಂದನೆಯ ಸುತ್ತು ಬಂತು. ಹುಡುಗನ ಮುಖ ಸಪ್ಪೆಯಾಯಿತು.

"ಮುಗಿದೇ ಇಲ್ಲೆ ಸರಸಕ್ಕ. ಪುನಃ ಒಂದರಿಂದ."

"ಮತ್ತೆ? ನಾನ್ ಇವತ್ತ್ ಹೆಡ್ಗಿ ಖಾಲಿ ಮಾಡ್ರೆ ನಾಳಿಗ್ ಮೀನ್ ಮಾರುದ್ ಬ್ಯಾಡ್ದಾ?" ಎಂದಳು ಸರಸ. "ಒತ್ತ್ ಒತ್ತ್, ಕೆಂಪಿಂದ್ ಬಂತ್."

ತಿಂಗಳ ಕೊನೆಗೆ ಪ್ಲಾಸ್ಟರು ಬಿಚ್ಚಿದರು. ಹುಡುಗ ಕುಂಟುತ್ತ ಶಾಲೆಗೆ ಹೋದ. ಮರುವರ್ಷ ಅಪ್ಪ ಅವನನ್ನೂ ಗಿರಿಜಮ್ಮನನ್ನೂ ಮುಂಬಯಿಗೆ ಕರೆಸಿಕೊಂಡರು, ಕೆಂಪು ಪೆಟ್ಟಿಗೆಯೂ ಜೊತೆಗೆ ಹೋಯಿತು. ಸರಸಕ್ಕನ ಹಾದಿಯಲ್ಲಿ ಆ ಮನೆ ಒಂದು ಕಡಿಮೆಯಾಯಿತು, ಅಷ್ಟೇ. ಆದರೆ ಬಸ್ಸಿನಲ್ಲಿ ಕೂತಾಗ ಅವಳ ಹೆಬ್ಬೆರಳು ಎಷ್ಟೋ ವರ್ಷ ತಾನಾಗಿಯೇ ಆಡುತ್ತಿತ್ತು.

ಕಥೆ ಕೇಳಿದ ಅನಿಷಾಳಿಗೆ ಪರೀಕ್ಷೆ ಮರೆತುಹೋಯಿತು. ಮರುದಿನವೇ ಬ್ರಹ್ಮಾವರಕ್ಕೆ ಹೋಗಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವಿಚಾರಿಸಿದಳು. ಅಂಗಡಿಯವನು ನಕ್ಕ. "ಅದ್ ಬಂದಾಯಿ ಕಾಲ ಆಯ್ತ್ ಮರಾಯ್ರೆ. ಕ್ಯಾಸೆಟ್ಟೂ ಇಲ್ಲೆ, ಮಾಡುವರೂ ಇಲ್ಲೆ." ಅದರ ಬದಲು ಐನೂರು ಆಟ ಒಳಗೇ ತುಂಬಿದ ಅಂಗೈಯಗಲದ ಹೊಸ ಡಬ್ಬಿ ಕೊಟ್ಟ. ಮನೆಗೆ ತಂದು ಸಿಕ್ಕಿಸಿದರೆ ಟ್ಯಾಂಕಿನ ಆಟವೂ ಅದರಲ್ಲಿ ಇತ್ತು. ಸರಸಕ್ಕ ಆಸೆಯಿಂದ ಹಿಡಿದಳು. ಟ್ಯಾಂಕುಗಳು ಹುಚ್ಚುನಾಯಿ ಅಟ್ಟಿದ ಹಾಗೆ ಓಡುತ್ತಿದ್ದವು, ಸಂಗೀತ ಬೇರೆಯದೇ.

"ಗುಂಡಿ ನೊಣ ಒತ್ತಿದ ಹಾಂಗ್ ಆತ್ತ್," ಎಂದು ಹಿಡಿಕೆ ಕೆಳಗಿಟ್ಟಳು. ಮೂರನೆಯ ದಿನ ಅದರ ವಯರೂ ಕಿತ್ತುಬಂತು.

ಅನಿಷಾ ಬಿಡಲಿಲ್ಲ. ಕಾಲೇಜಿನ ಗೆಳತಿಯರ ಗುಂಪಿನಲ್ಲಿ ಕೇಳಿದಳು, ಗೆಳತಿಯರು ಮಾವಂದಿರನ್ನು ಕೇಳಿದರು, ಒಬ್ಬಳ ಮಾವ ಕಿರಿಮಂಜೇಶ್ವರದ ಕುಷ್ಟನ ಹೆಸರು ಹೇಳಿದರು. ರೇಡಿಯೋ ಟಿವಿ ರಿಪೇರಿಯವನು. ಜನ ರಿಪೇರಿಗೆಂದು ಕೊಟ್ಟು ಮರೆತುಹೋದ ಯಾವುದನ್ನೂ ಎಸೆಯದೆ ಇಟ್ಟುಕೊಂಡಿದ್ದಾನಂತೆ. ಫೋನು ಮಾಡಿದರೆ ಕುಷ್ಟ, "ಇತ್ತ್, ನಡೀವಂತದ್ದ್ ಒಂದೇ ಇತ್ತ್, ಬಂದ್ ಕಾಣಿ," ಎಂದ.

ಆರು ವಾರ ಮುಗಿದ ಮರುದಿನ ಬೆಳಿಗ್ಗೆ ಅನಿಷಾ ಅಪ್ಪನ ಹಳೆಯ ಓಮ್ನಿ ಹೊರಗೆ ತೆಗೆದಳು. ಹೊಸದಾಗಿ ಲೈಸೆನ್ಸ್ ಸಿಕ್ಕವಳು. ಚಂದಯ್ಯ ಮುಂದೆ ಕೂತು ಹೆದ್ದಾರಿಯುದ್ದಕ್ಕೂ ಎಡಬಲ ಹೇಳುತ್ತಲೇ ಬಂದ. ಸರಸಕ್ಕ ಹಿಂದಿನ ಸೀಟಿನಲ್ಲಿ ಕಾಲು ಉದ್ದ ಚಾಚಿ, ಕೈಗೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕುಂದಾಪುರ ದಾಟಿ, ಮರವಂತೆಯಲ್ಲಿ ಕಡಲು ರಸ್ತೆಯ ಪಕ್ಕಕ್ಕೇ ಬಂದಾಗಲೂ ಅವಳು ಆ ಕಡೆ ನೋಡಲಿಲ್ಲ. ಅವಳಿಗೆ ಒಳಗೊಳಗೇ ಅಳುಕು. ಇಪ್ಪತ್ತೇಳು ವರ್ಷ ಆಯಿತು, ಕೈ ಮರೆತಿದ್ದರೆ?

ಕುಷ್ಟನ ಅಂಗಡಿ ಒಂದು ಕೋಣೆಯದು. ಗೋಡೆಯೇ ಕಾಣದಷ್ಟು ರೇಡಿಯೋ, ಟೇಪು, ಮಿಕ್ಸಿ. ತೆಳ್ಳಗಿನ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿದ್ದ. ಅವರನ್ನು ಕಂಡವನೇ ತಲೆ ಕೆರೆದುಕೊಂಡ.

"ಒಂದ್ ತಪ್ಪ್ ಆಯ್ತ್ ಮರಾಯ್ರೆ. ಆ ಸೆಟ್ಟನ್ನ ಒಬ್ರಿಗೆ ಕೊಡ್ತೆ ಅಂದ್ ಹೋದ್ ವಾರವೇ ಹೇಳಿದ್ದೆ, ನಂಗ್ ಮರ್ತೇ ಹೋಯಿತ್. ಕುಂದಾಪ್ರದ ಹೋಟ್ಲಿನರ್. ಇವತ್ತೇ ತಕಂಡ್ ಹೋತೆ ಅಂದಿರ್."

"ಅಷ್ಟ್ ದೂರ್ದಿಂದ ಬಂದದ್ದ್ ನಾವ್," ಎಂದಳು ಅನಿಷಾ.

"ಮಾತ್ ಕೊಟ್ಟಾಯ್ತಲೆ ಹೆಣ್ಣೆ."

ಸರಸಕ್ಕ ಮೊಮ್ಮಗಳ ತೋಳು ಒತ್ತಿದಳು. ವ್ಯಾಪಾರ ಅವಳಿಗೆ ಹೊಸತಲ್ಲ. "ಕೊಡುದ್ ಬ್ಯಾಡ ಕುಷ್ಟಣ್ಣ. ಒಂದ್ ಸಲ ಆಡ್ಸಿ ತೋರ್ಸಿ, ಸಾಕ್. ಕಂಡ್ಕಂಡ್ ಹೋತೆ."

ಮೀನನ್ನು ಒಮ್ಮೆ ಕೈಯಲ್ಲಿ ಹಿಡಿದವರು ಬಿಟ್ಟು ಹೋಗುವುದು ಕಡಿಮೆ ಎಂಬುದು ಅವಳಿಗೆ ಗೊತ್ತಿತ್ತು. ಕುಷ್ಟನಿಗೂ ತನ್ನ ಕೈಗುಣ ತೋರಿಸುವ ಆಸೆ ಇರಬೇಕು. ಮೇಜಿನ ಕೆಳಗಿನಿಂದ ಹೊಟ್ಟೆ ಉಬ್ಬಿದ ಹಳೆಯ ಟಿವಿಯೊಂದನ್ನು ಎತ್ತಿಟ್ಟ. ಬಟ್ಟೆಯಲ್ಲಿ ಸುತ್ತಿಟ್ಟ ಕೆಂಪು ಬಿಳಿ ಪೆಟ್ಟಿಗೆ ಹೊರಗೆ ಬಂತು. ಬಿಳಿ ಅನ್ನುವುದು ಈಗ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಕ್ಯಾಸೆಟ್ಟು ಹಾಕಿದರೆ ಪರದೆಯ ತುಂಬ ಗೆರೆ ಗೆರೆ. ಸರಸಕ್ಕ ಕೈ ಚಾಚಿ ಕ್ಯಾಸೆಟ್ಟನ್ನು ಕಿತ್ತು, ಬಾಯಿಯ ಹತ್ತಿರ ಹಿಡಿದು, ಒಲೆ ಊದುವ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಊದಿದಳು.

"ಊದ್ರೆ ತುಕ್ಕ್ ಹಿಡಿತ್ತ್," ಎಂದ ಕುಷ್ಟ.

"ನೀವ್ ಹಾಕಿ ಕಾಣಿ."

ಹಾಕಿದ. ಚಿತ್ರ ಬಂತು. ಆಟ ಸುರುವಾಗುವ ಮೊದಲಿನ ಆ ಪುಟ್ಟ ಸಂಗೀತ, ಐದಾರು ಸ್ವರ ಅಷ್ಟೇ, ಅಂಗಡಿಯ ತುಂಬ ಮೊಳಗಿತು. ಸರಸಕ್ಕನ ಕಣ್ಣು ಒದ್ದೆಯಾಯಿತು, ಅವಳು ಒರೆಸಿಕೊಳ್ಳಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಬಿಳಿ ಟ್ಯಾಂಕು ಇಳಿಯುತ್ತಿತ್ತು.

ಕೈ ಮರೆತಿರಲಿಲ್ಲ. ಅನಿಷಾ ಇನ್ನೊಂದು ಹಿಡಿಕೆ ಹಿಡಿದು ಅಜ್ಜಿಯ ಟ್ಯಾಂಕಿಗೇ ಹೊಡೆಯುತ್ತ ಹೋದಳು. ಸರಸಕ್ಕ ಬೈಯುತ್ತ, ವಾಲುತ್ತ, ಮೂರು ಸುತ್ತು ದಾಟಿದಳು. ಚಂದಯ್ಯ ಬಾಗಿಲಲ್ಲೇ ನಿಂತು ಅಳಿವೆ ಬಿಡಬೇಡ ಎನ್ನುತ್ತಿದ್ದ. ಕುಷ್ಟ ನೋಡಿದ, ಇವರು ಕಂಡುಕೊಂಡು ಹೋಗುವ ಜನ ಅಲ್ಲ. ಊರು, ಹೆಸರು, ಕಸುಬು ಕೇಳಿಕೊಂಡು, ಹೋಟೆಲಿನವರಿಗೆ ಫೋನು ಮಾಡಲು ಮೊಬೈಲು ತೆಗೆದು ಹೊರಗೆ ಹೋದ. ಅವನ ಮಾತು ಒಳಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಇಲ್ಲೊಂದ್ ಹೆಂಗ್ಸ್ ಬಂದ್ ಕೂಕಂಡಿರ್. ಏಳುದಿಲ್ಲೆ ಅಂತ್ರ್... ಇಲ್ಲೆ ಇಲ್ಲೆ, ಪ್ರಾಯದರ್. ಹಂಗಾರ್ಕಟ್ಟಿಯರ್ ಅಂಬ್ರ್, ಮೀನ್ ಮಾರ್ತಿದ್ದದ್ದ್ ಅಂಬ್ರ್... ಹೆಸ್ರಾ? ಸರಸ." ಆಮೇಲೆ ಆ ಕಡೆಯ ಮಾತು ಕೇಳಿ ಹೂಂಗುಟ್ಟಿದ. ಒಳಗೆ ಬಂದಾಗ ಅವನ ಮುಖದಲ್ಲಿ ಏನೂ ಅರ್ಥವಾಗದ ಭಾವ. "ನಿಮ್ಮನ್ನ ಹೋಪುಕೆ ಬಿಡುದ್ ಬ್ಯಾಡ ಅಂದ್ರ್. ಈಗ ಬತ್ರಂಬ್ರ್."

ಅರ್ಧ ಗಂಟೆಗೂ ಮೊದಲೇ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವನಿಗೆ ನಲವತ್ತರ ಹತ್ತಿರದ ವಯಸ್ಸು, ಸ್ವಲ್ಪ ಹೊಟ್ಟೆ, ಅಂಗಿಯ ಜೇಬಿನಲ್ಲಿ ಹೋಟೆಲಿನ ಬಿಲ್ ಪುಸ್ತಕ. ಬಾಗಿಲಿಗೆ ಬಂದು ನಿಂತು ನೋಡಿದ. ಸರಸಕ್ಕ ತಿರುಗಿದಳು. ಮುಖ ಗುರುತು ಸಿಗಲಿಲ್ಲ. ಆದರೆ ನಿಂತ ರೀತಿಯಲ್ಲಿ, ಮೈಯ ಭಾರವನ್ನು ಒಂದೇ ಕಾಲಿಗೆ ಕೊಟ್ಟು ನಿಂತದ್ದರಲ್ಲಿ, ಸಿಕ್ಕಿತು.

"ಸಣ್ಣ್ ಹೆಗ್ಡೇರಾ? ಕಾಲ್ ಸಮ ಆಯ್ತಾ?"

ಮನೀಷ್ ಬಗ್ಗಿ ಅವಳ ಕೈಗೋಲು ನೋಡಿದ. "ಅದ್ ಆಯಿ ಇಪ್ಪತ್ತೇಳ್ ವರ್ಷ ಆಯ್ತ್ ಸರಸಕ್ಕ. ನಿಮ್ ಕಾಲಿಗೆಂತ ಆಯ್ತ್?"

"ನಂದ್ ಗೇರ್ಮರ ಅಲ್ಲ ಮಗಾ. ಪ್ರಾಯ."

ಅವನು ಅಲ್ಲೇ ಒಂದು ಸ್ಟೂಲು ಎಳೆದು ಅವಳ ಪಕ್ಕದಲ್ಲಿ ಕೂತ. ಮುಂಬಯಿಯಲ್ಲಿ ಎರಡೇ ವರ್ಷಕ್ಕೆ ಆ ಪೆಟ್ಟಿಗೆ ಕೆಟ್ಟುಹೋಯಿತು ಎಂದ. ಗಿರಿಜಮ್ಮ ತೀರಿಹೋಗಿ ಹತ್ತು ವರ್ಷವಾಯಿತು. ಕೊನೆಯವರೆಗೂ ಮೀನು ಸರಿಯಿಲ್ಲದ ದಿನ, ಸರಸ ತರುತ್ತಿದ್ದ ಬಂಗಡೆ ಹೀಗಿರಲಿಲ್ಲ ಎನ್ನುತ್ತಿದ್ದರಂತೆ. ಅವನು ಊರಿಗೆ ಬಂದು ಹೆದ್ದಾರಿಯ ಬದಿ ಹೋಟೆಲು ಮಾಡಿ ಮೂರು ವರ್ಷ. "ನಾನ್ ಮೀನ್ ಮಾರುವರ್ ಜೊತಿಗ್ ಆಡ್ತಿದ್ದೆ ಅಂದ್ರೆ ಹೆಂಡ್ತಿ ನಂಬುದಿಲ್ಲೆ. ಸುಳ್ಳ್ ಬಿಡ್ಬೇಡಿ ಅಂತ್ಲ್."

"ನನ್ನ ಮೊಮ್ಮಗ್ಳೂ ನಂಬ್ಲಿಲ್ಲೆ," ಎಂದಳು ಸರಸಕ್ಕ.

ಅನಿಷಾ ಸದ್ದಿಲ್ಲದೆ ಎದ್ದು ತನ್ನ ಹಿಡಿಕೆಯನ್ನು ಅವನಿಗೆ ಕೊಟ್ಟಳು. ಆಮೇಲೆ ಒಂದೂವರೆ ಗಂಟೆ ಕುಷ್ಟನ ಅಂಗಡಿಗೆ ಬಂದ ಗಿರಾಕಿಗಳೆಲ್ಲ ತಮ್ಮ ಮಿಕ್ಸಿ, ಫ್ಯಾನು ಕೆಳಗಿಟ್ಟು ನಿಂತು ನೋಡಿದರು. ಹದಿನೆಂಟನೆಯ ಸುತ್ತಿನಲ್ಲಿ ಹದ್ದು ಬಿತ್ತು. ತಪ್ಪು ಯಾರದೆಂದು ಮೂವರೂ ವಾದಿಸಿದರು. ಚಂದಯ್ಯನ ಪ್ರಕಾರ ಇಬ್ಬರದೂ.

ಸೆಟ್ಟು ಯಾರಿಗೆ ಎಂಬ ಪ್ರಶ್ನೆ ಆಮೇಲೆ ಬಂತು. ಮನೀಷ್ ಅದನ್ನು ಓಮ್ನಿಯಲ್ಲಿ ಇಡಿ ಎಂದ. ಸರಸಕ್ಕ ಒಪ್ಪಲಿಲ್ಲ, ಮಾತು ಅವನಿಗೆ ಕೊಟ್ಟದ್ದು ಎಂದಳು. ಅವನು ಮತ್ತೆ ಹೇಳಿದ, ಅವಳು ಮತ್ತೆ ತಲೆಯಾಡಿಸಿದಳು.

"ಹ್ವಾಯ್, ನಾನೊಂದ್ ಹೇಳ್ತೆ," ಎಂದ ಕುಷ್ಟ, ಊಟದ ಹೊತ್ತು ಮೀರಿತ್ತು ಪಾಪ. "ಹೋಟ್ಲಂಗೆ ಇಟ್ರೆ ಗಿರಾಕಿಗ್ಳ್ ಎಣ್ಣಿ ಕೈಯಂಗ್ ಮುಟ್ಟಿ ನಾಕ್ ದಿನಕ್ಕ್ ನನ್ನ ಹತ್ರವೇ ಬತ್ತ್. ಇವ್ರ ಮನಿಯಗಿರ್ಲಿ. ನೀವ್ ಅಲ್ಲಿಗ್ ಹೋಯಿ ಆಡಿ. ಈ ಟಿವಿಯನ್ನೂ ತಕಂಡ್ ಹೋಯ್ನಿ, ನಂಗ್ ಜಾಗ ಆತ್ತ್."

ಹಾಗೆ ಆ ಪೆಟ್ಟಿಗೆ ಹಂಗಾರಕಟ್ಟೆಗೆ ಬಂತು. ಹೊಟ್ಟೆ ಉಬ್ಬಿದ ಟಿವಿಯನ್ನು ಹೊತ್ತು ಒಳಗೆ ತರುವಾಗ ಚಂದಯ್ಯ ಮತ್ತು ಮಗ ಎರಡು ಸಲ ಇಳಿಸಿ ಉಸಿರು ತೆಗೆದುಕೊಂಡರು. ಸೊಸೆ ಶ್ರೀಲತಾ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. ಎರಡು ದಿನದ ಮೇಲೆ ಅಂಗನವಾಡಿಯಿಂದ ಬಂದವಳು ಕೈ ಕಾಲು ತೊಳೆಯುವ ಮೊದಲೇ ಒಂದು ಆಟ ಆಡುವಳಾದಳು.

ಹೋಟೆಲಿಗೆ ಸೋಮವಾರ ರಜೆ. ಸೋಮವಾರ ಹತ್ತು ಗಂಟೆಗೆ ಮನೀಷನ ಕಾರು ಬರುತ್ತದೆ. ವಿಷಯ ಕೇಳಿ ಮೊದಲ ಸೋಮವಾರವೇ ವನಜ ಬಂದಳು, ಈಗ ಅವಳಿಗೂ ತಲೆ ಪೂರ್ತಿ ಬೆಳ್ಳಗಾಗಿದೆ. ಗಾಳಿ ಸೋಕಿದ್ದು ಯಾರಿಗೆ ಎಂದು ಸರಸಕ್ಕ ಕೇಳಿದರೆ, ಅವಳು ಹಿಡಿಕೆಯನ್ನು ತಿರುವಿ ನೋಡಿ, ಹೋಪುದ್ ಯಾವ್ ಗುಂಡಿ, ಹೊಡುದ್ ಯಾವ್ ಗುಂಡಿ ಎಂದು ವಿಚಾರಿಸಿದಳು. ಎರಡನೆಯ ಸೋಮವಾರ ಅವಳ ಹಿಂದೆ ಇನ್ನಿಬ್ಬರು ಹೆಂಗಸರು ಇದ್ದರು.

ಸೋತವರು ಎಲ್ಲರಿಗೂ ಚಾ ಮಾಡಬೇಕೆಂದು ಸರಸಕ್ಕ ನಿಯಮ ಮಾಡಿದಳು. ಮೂವತ್ತು ವರ್ಷ ಬೇರೆಯವರಿಗೆ ಹುಕುಂ ಕೊಟ್ಟ ಚಂದಯ್ಯ ಹಿಡಿಕೆ ಕೈಗೆ ಬಂದೊಡನೆ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಮೊದಲ ಸುತ್ತಿನಲ್ಲೇ ಸಾಯುತ್ತಾನೆ. ಹಾಗಾಗಿ ಸೋಮವಾರದ ಚಾ ಯಾವಾಗಲೂ ಅವನದೇ. ಶುಂಠಿ ಜಜ್ಜಿ ಹಾಕುವುದು ಕಲಿತಿದ್ದಾನೆ, ಚೆನ್ನಾಗಿಯೇ ಆಗುತ್ತದೆ.

ಕಳೆದ ಸೋಮವಾರ ಮನೀಷ್ ಮತ್ತೊಂದು ಕ್ಯಾಸೆಟ್ಟು ತಂದಿದ್ದ. ಕೆರಾಡಿಯ ಯಾರದೋ ಮನೆಯ ಅಟ್ಟದಿಂದ ಕುಷ್ಟ ಹುಡುಕಿ ತಂದದ್ದಂತೆ. ಕಾರಿನ ಆಟ. ಜನ್ಮದಲ್ಲಿ ಸೈಕಲ್ಲನ್ನೂ ಓಡಿಸದ ಸರಸಕ್ಕ ಮೊದಲ ತಿರುವಿನಲ್ಲೇ ರಸ್ತೆ ಬಿಟ್ಟಳು. ಎರಡನೆಯ ಸಲ ಎದುರಿನ ಕಾರಿಗೆ ಹೊಡೆದಳು. ಮೂರನೆಯ ಸಲ ಒಂದು ಸೇತುವೆ ದಾಟಿ ಹೋದಾಗ ವನಜ ಅವಳ ಬೆನ್ನು ತಟ್ಟಿದಳು, ಆ ತಟ್ಟುವಿಕೆಗೇ ಕಾರು ಹೋಗಿ ಮರಕ್ಕೆ ಗುದ್ದಿತು. ಒಳಗಿನಿಂದ ಚಂದಯ್ಯ ಚಾ ಲೋಟಗಳ ತಟ್ಟೆ ಹಿಡಿದು ಬಂದ.

"ಈ ಕ್ಯಾಸೆಟ್ಟ್ ಇಲ್ಲೇ ಇರ್ಲಿ ಹೆಗ್ಡೇರೆ," ಎಂದಳು ಸರಸಕ್ಕ, ಕಣ್ಣು ಪರದೆಯಿಂದ ತೆಗೆಯದೆ. "ಬಪ್ಪು ಸೋಮವಾರದೊಳಗೆ ನಂಗ್ ಲೈಸೆನ್ಸ್ ಆಯ್ಕ್."